ಕಾಯಿಲೆಯಿಂದ ಎದ್ದ ಮೇಲೆ ಮತ್ತೆ ಒಬ್ಬರೇ ತಿರುಗಾಟ, ಟೆಂಟಿನ ರಾತ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವಳು. ವಯಸ್ಸು 44, ಸರ್ಕಾರಿ ಕಚೇರಿಯಲ್ಲಿ ಕೆಲಸ. 2ನೇ ಮತ್ತು 4ನೇ ಶನಿವಾರ ರಜೆ ಇರುತ್ತದೆ. ಅದಕ್ಕೆ ಭಾನುವಾರ ಸೇರಿಸಿಕೊಂಡು ವರ್ಷಗಟ್ಟಲೆ ಒಬ್ಬಳೇ ತಿರುಗಿದವಳು. ಮೂರು ವರ್ಷದ ಹಿಂದೆ ಶ್ವಾಸಕೋಶದ ಟಿಬಿ ಬಂತು. ಮೊದಲು ತೋರಿಸಿದ ಕಡೆ ಎರಡೂವರೆ ತಿಂಗಳು ಬರೀ ಕೆಮ್ಮಿನ ಔಷಧಿ ಕೊಟ್ಟರು. ಕಫ ಪರೀಕ್ಷೆ ಆಗುವ ಹೊತ್ತಿಗೆ 56 ಕಿಲೋ ಇದ್ದವಳು 43ಕ್ಕೆ ಇಳಿದಿದ್ದೆ. ಆಮೇಲೆ ಆರು ತಿಂಗಳು ಮಾತ್ರೆ. ಈಗ ಮತ್ತೆ ಹೊರಡುತ್ತಿದ್ದೇನೆ. ಆಸ್ಪತ್ರೆಯ ಸಾಲಿನಲ್ಲಿ, ಆಫೀಸಿನಲ್ಲಿ, ಬೀದರ್ ಬಸ್ಸಿನಲ್ಲಿ ಪಕ್ಕ ಕೂತವರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಎಲ್ಲರೂ ಟಿಬಿಯವರಲ್ಲ. ಸಕ್ಕರೆ ಕಾಯಿಲೆಯವರಿದ್ದರು, ಬೆನ್ನಿನ ಆಪರೇಷನ್ ಆದವರಿದ್ದರು, ಮನಸ್ಸು ಕುಗ್ಗಿ ವರ್ಷವಿಡೀ ಮನೆ ಹಿಡಿದವರೂ ಇದ್ದರು.

ಕಾಯಿಲೆ ವಾಸಿಯಾದ ಎಷ್ಟು ದಿನಕ್ಕೆ ಹೊರಡಬಹುದು?

ದಿನದ ಲೆಕ್ಕ ಬೇಡ, ನಡಿಗೆಯ ಲೆಕ್ಕ ಇಡಿ. ಮಾತ್ರೆ ಮುಗಿದ ದಿನ ನಾನು ಮನೆಯ ಮಹಡಿ ಮೆಟ್ಟಿಲು ಹತ್ತಿ ಕೂತುಬಿಟ್ಟಿದ್ದೆ. ರಿಪೋರ್ಟಿನಲ್ಲಿ ಎಲ್ಲ ಸರಿ ಇತ್ತು, ಕಾಲಿಗೆ ಅದು ಗೊತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು. ದಿನಾ ಬೆಳಿಗ್ಗೆ ಅಪ್ಪನ ಕೆರೆಯ ಹತ್ತಿರ ನಡೆದೆ. ಮೊದಲ ವಾರ 10 ನಿಮಿಷ. ನಡೆಯುತ್ತಲೇ ಒಂದು ಸಣ್ಣ ವಚನ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಮಧ್ಯದಲ್ಲಿ ಉಸಿರು ಕಟ್ಟಿ ನಿಲ್ಲಿಸಬೇಕಾಯಿತು ಅಂದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ವಚನ ಕಡೆಯವರೆಗೆ ಬಂದರೆ ಆ ವೇಗ ನಿಮ್ಮದು. 45 ನಿಮಿಷ ನಡೆದು, ಮರುದಿನವೂ ಎದ್ದು ಮತ್ತೆ 45 ನಿಮಿಷ ನಡೆಯುವ ಹಾಗೆ ಆಗಲಿಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಮರುದಿನದ ನಡಿಗೆಯನ್ನು ಮರೆಯಬೇಡಿ. ಒಂದು ದಿನ ಹುರುಪಿನಲ್ಲಿ ಯಾರು ಬೇಕಾದರೂ ನಡೆಯುತ್ತಾರೆ.

ಡಾಕ್ಟರ ಹತ್ತಿರ ಏನು ಕೇಳಬೇಕು?

"ನಾನು ಪ್ರವಾಸ ಹೋಗಬಹುದಾ?" ಅಂತ ಕೇಳಿದರೆ "ಹೋಗಿ ಬನ್ನಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬಿಡಿಸಿ ಕೇಳಿ. ಎಷ್ಟು ಕಿಲೋ ಚೀಲ ಹೊರಬಹುದು? ಮೆಟ್ಟಿಲು ಹತ್ತಬಹುದಾ? ಮಾತ್ರೆ ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು? ಯಾವ ಲಕ್ಷಣ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಬರಬೇಕು? ಕೊನೆಯ ಪ್ರಶ್ನೆಯ ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನನ್ನ ಚೀಲದಲ್ಲಿ ಆ ಚೀಟಿ ಈಗಲೂ ಇದೆ.

ಟಿಬಿಯವರಿಗೆ ಒಂದು ಮಾತು. ಮಾತ್ರೆ ನಡೆಯುತ್ತಿರುವಾಗ ತಿರುಗಾಟದ ನೆಪದಲ್ಲಿ ಒಂದು ದಿನವೂ ತಪ್ಪಿಸಬೇಡಿ. ಮುಗಿದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಅದರ ತಾರೀಖನ್ನು ಪ್ರವಾಸದ ತಾರೀಖಿಗಿಂತ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮೊದಲ ಸಲ ಎಲ್ಲಿಗೆ ಹೋಗಬೇಕು?

ಬೇಜಾರಾದರೆ ಅರ್ಧ ತಾಸಿನಲ್ಲಿ ಮನೆ ಸೇರುವ ಜಾಗಕ್ಕೆ. ನಾನು ಕಲಬುರಗಿ ಕೋಟೆಗೆ ಹೋದೆ. ನಗುತ್ತೀರೇನೋ, ಊರೊಳಗಿನ ಕೋಟೆ ಅದು. ಆದರೆ ಒಳಗೆ ನೆಲ ಹೆಚ್ಚು ಕಡಿಮೆ ಸಮತಟ್ಟು. 1367ರ ಜಾಮಿ ಮಸೀದಿ ಇದೆ. ಅಂಗಳವೇ ಇಲ್ಲದೆ ಪೂರ್ತಿ ಮೇಲುಚಾವಣಿ ಇರುವ ಮಸೀದಿ ಅದು. ಕಮಾನುಗಳ ಕೆಳಗೆ ತಂಪು. ನೀರಿನ ಬಾಟಲಿ ಹಿಡಿದು ಎರಡು ತಾಸು ಇದ್ದೆ, ಆಟೋ ಹಿಡಿದು ಮನೆಗೆ ಬಂದೆ. ಒಬ್ಬಳೇ ಹೋಗಿ ಒಬ್ಬಳೇ ಬಂದೆ ಅನ್ನುವುದು ಆ ದಿನಕ್ಕೆ ಸಾಕಾಗಿತ್ತು.

ಎರಡನೆಯದು ಬೀದರ್, ಹಗಲಿನ ಪ್ರಯಾಣ. 2017ರಿಂದ ಕಲಬುರಗಿ ಬೀದರ್ ನಡುವೆ ರೈಲು ಇದೆ. ಬಸ್ಸಿನಲ್ಲಿ ಹುಮನಾಬಾದ್ ಮೇಲೆ ಹೋದರೆ ಸುಮಾರು ಮೂರು ತಾಸು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಂಡರೆ ಆಯಿತು. ಇದು ಸಣ್ಣ ಮಾತಲ್ಲ. ಕಾಯಿಲೆಯಲ್ಲಿ ಕೈ ಖಾಲಿಯಾಗಿರುತ್ತದೆ. ಟಿಕೆಟ್ ದುಡ್ಡು ಹಾಳಾಗುತ್ತದೆ ಅನ್ನುವ ಸಂಕಟ ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಇಳಿದು ವಾಪಸ್ ಬರಲಿಕ್ಕೆ ಮನಸ್ಸು ಒಪ್ಪುತ್ತದೆ.

ಬೀದರಿನಲ್ಲಿ ಎಲ್ಲ ನೋಡಲಿಕ್ಕೆ ಹೋಗಬೇಡಿ. ನಾನು ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ಒಂದೇ ನೋಡಿದೆ. 1472ರಲ್ಲಿ ಕಟ್ಟಿದ್ದು. ರಸ್ತೆ ಪಕ್ಕದಲ್ಲೇ ಇದೆ, ಹತ್ತುವ ಕಷ್ಟ ಇಲ್ಲ. ಮುಂಭಾಗದ ಎರಡು ಮಿನಾರಗಳಲ್ಲಿ ಒಂದು ಉಳಿದಿದೆ. ಅದಕ್ಕೆ ಅಂಟಿಸಿದ ನೀಲಿ ಹೆಂಚಿನ ತುಂಡುಗಳು ಬಿಸಿಲಿಗೆ ಹೊಳೆಯುತ್ತವೆ. ಅದರ ಎದುರು ಒಂದು ತಾಸು ಸುಮ್ನೆ ಕೂತಿದ್ದೆ.

ಹತ್ತಲಾಗದವರಿಗೆ ಇನ್ನೂ ಕೆಲವು ಜಾಗ ಹೇಳುತ್ತೇನೆ. ಭೀಮಾ ದಂಡೆಯ ಸನ್ನತಿ, ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ. 'ರಾಯೋ ಅಸೋಕೋ' ಅಂತ ಬರೆದ ಅಶೋಕನ ಕಲ್ಲಿನ ಚಿತ್ರ ಸಿಕ್ಕಿದ್ದು ಅಲ್ಲೇ. ಸುರಪುರ ಕಡೆಯ ಬೋನಾಳ ಕೆರೆ, ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಆಕಾರ ಕಾಣುತ್ತದಲ್ಲ, ಅದನ್ನು ದೂರದಿಂದ ನೋಡಿದರೇನೇ ಚೆಂದ.

ಮನೆಯವರು ಬಿಡುತ್ತಿಲ್ಲ. ಏನು ಮಾಡಲಿ?

ಅವರ ಮೇಲೆ ಸಿಟ್ಟಾಗಬೇಡಿ. ನಾವು ಮಲಗಿದ್ದಾಗ ರಾತ್ರಿಯೆಲ್ಲ ನಮ್ಮ ಉಸಿರು ಕೇಳಿಸಿಕೊಂಡು ಕೂತವರು ಅವರು. ಅವ್ವ ಇವತ್ತಿಗೂ ನಾನು ಕೆಮ್ಮಿದರೆ ಅಡುಗೆಮನೆಯಿಂದ ಹೊರಗೆ ಬರುತ್ತಾಳೆ. ಅಣ್ಣ ಖಡಾಖಂಡಿತ ಬೇಡ ಅಂದಿದ್ದ. ದಾರಿ ಮಾಡಿಕೊಟ್ಟವಳು ಅವನ ಹೆಂಡತಿ, ನಮ್ಮ ವೈನಿ. "ಆಕಿಗಿ ಹೋಗಬ್ಯಾಡ ಅನ್ನೂದು ಬಿಡ್ರಿ, ಎಷ್ಟೊತ್ತಿಗಿ ಫೋನ್ ಮಾಡ್ತಾಳಂತ ಕೇಳ್ರಿ" ಅಂದಳು.

ಅವತ್ತಿನಿಂದ ನಮ್ಮ ಮನೆಯ ಒಪ್ಪಂದ ಇದು. ಎಲ್ಲಿ ಮಲಗುತ್ತೇನೆ, ಆ ಜಾಗದ ಫೋನ್ ನಂಬರ್ ಏನು, ಯಾವ ಬಸ್ಸಿಗೆ ವಾಪಸ್ ಅಂತ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ರಾತ್ರಿ 8ಕ್ಕೆ ಒಂದು ಮೆಸೇಜ್, ಬೆಳಿಗ್ಗೆ 7ಕ್ಕೆ ಒಂದು. ಸಿಗ್ನಲ್ ಸಿಗದ ಜಾಗವಾದರೆ ಅದನ್ನೂ ಮೊದಲೇ ಹೇಳಿರುತ್ತೇನೆ. ಬೆಳಿಗ್ಗೆ 9 ಆದರೂ ಸುದ್ದಿ ಇಲ್ಲದಿದ್ದರೆ ಅಣ್ಣ ಆ ನಂಬರಿಗೆ ಫೋನ್ ಮಾಡುತ್ತಾನೆ, ಅಲ್ಲಿಂದಲೂ ಉತ್ತರ ಬರದಿದ್ದರೆ 112. ನಾನು ಇಲ್ಲಿಯವರೆಗೆ ಒಂದು ಮೆಸೇಜೂ ತಪ್ಪಿಸಿಲ್ಲ. ಅವರು ನಂಬಲಿಕ್ಕೆ ಶುರು ಮಾಡಿದ್ದು ಅದರಿಂದಲೇ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ. ಮಾರ್ಚ್ ಬಂತೆಂದರೆ ಟೆಂಟ್ ಕಟ್ಟಿಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ ಸಾಮಾನ್ಯ. ಗಟ್ಟಿಮುಟ್ಟಾದವರೇ ಬಸವಳಿಯುತ್ತಾರೆ. ಚಳಿಗಾಲದಲ್ಲಿ ಎಚ್ಚರ ಬೇಕಿರುವುದು ರಾತ್ರಿಗೆ. ಬೀದರ್ ಸುಮಾರು 660 ಮೀಟರ್ ಎತ್ತರದಲ್ಲಿದೆ, ಕಲಬುರಗಿ 450ರ ಆಸುಪಾಸು. ಇಲ್ಲಿಯ ಒಂದು ಸ್ವೆಟರ್ ಅಲ್ಲಿ ಸಾಲುವುದಿಲ್ಲ.

ಟೆಂಟ್ ಎಲ್ಲಿ ಹಾಕಬಹುದು?

ಎಲ್ಲಿ ಹಾಕಬಾರದು ಅಂತ ಮೊದಲು ಹೇಳುತ್ತೇನೆ. ಕೋಟೆ, ಗೋರಿ, ಗುಡಿಗಳ ಆವರಣದಲ್ಲಿ ಬೇಡ. ಅಲ್ಲಿ ಸಂಜೆ ಮೇಲೆ ಇರಲು ಬಿಡುವುದಿಲ್ಲ, ಬಿಡಲೂಬಾರದು. ಹೊಳೆ ದಂಡೆಯಲ್ಲಿ ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಜೊತೆಗೆ ನಾರಾಯಣಪುರದ ಬಸವಸಾಗರದಂಥ ಅಣೆಕಟ್ಟಿನ ಕೆಳಗೆ ಯಾವಾಗ ನೀರು ಬಿಡುತ್ತಾರೋ ಹೇಳಲಾಗದು. ಕಾಡಿನಲ್ಲಿ ಅನುಮತಿ ಇಲ್ಲದೆ ಬೇಡವೇ ಬೇಡ.

ನನ್ನ ಮೊದಲ ಟೆಂಟ್ ರಾತ್ರಿ ಕಮಲಾಪುರ ಕಡೆ ಚಿಕ್ಕವ್ವನ ಹೊಲದಲ್ಲಿ ಆಯಿತು. ಎಳ್ಳಮಾವಾಸ್ಯೆ ದಿನ. ಬೆಳಿಗ್ಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಮಾಡಿದ ಅಡುಗೆಯನ್ನು ಬೆಳೆಯ ಮೇಲೆ ಎರಚಿ), ಬಜ್ಜಿ, ಸಜ್ಜಿ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ ಉಂಡಿದ್ದೆವು. ಸಂಜೆ ಎಲ್ಲರೂ ಬಂಡಿ ಹತ್ತಿದರು, ನಾನು ಉಳಿದೆ. ಕಾಕಾ "ನಾ ಅಲ್ಲೇ ಬೇವಿನ ಗಿಡದ ಬುಡಕ ಇರ್ತೀನಿ, ನಿನ್ನ ಕಡಿ ನೋಡೂದಿಲ್ಲ" ಅಂದರು. ಹಾಗೇ ಇದ್ದರು. ಪೂರ್ತಿ ಒಬ್ಬಳೇ ಅಲ್ಲ, ಆದರೂ ಟೆಂಟಿನೊಳಗೆ ಒಬ್ಬಳೇ. ಮೊದಲ ರಾತ್ರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ. ಪರಿಚಯದ ರೈತರ ಹೊಲ ಹುಡುಕಿ, ಕೇಳಿ, ಅವರಿಗೆ ಗೊತ್ತಿರುವ ಹಾಗೆ ಮಲಗಿ.

ಆ ರಾತ್ರಿ ಒಂದು ತಪ್ಪು ಮಾಡಿದೆ. ತೊಗರಿ ಕೊಯ್ದ ಜಾಗದಲ್ಲಿ ಟೆಂಟ್ ಹಾಕಿದೆ. ತೊಗರಿ ಕೂಳೆ ಮೊಳೆಯ ಹಾಗೆ ಇರುತ್ತದೆ. ಟೆಂಟಿನ ತಳ ಮೂರು ಕಡೆ ತೂತಾಯಿತು. ನಮ್ಮ ಮೂರು ಜಿಲ್ಲೆಗಳಲ್ಲಿ ನೆಲವೇ ಬೇರೆ ಬೇರೆ, ಅದನ್ನು ನೋಡಿಕೊಂಡೇ ಟೆಂಟ್ ಹಾಕಬೇಕು. ಕಲಬುರಗಿಯ ಎರಿ ಭೂಮಿ ಮಳೆ ಬಿದ್ದರೆ ಅಂಟಾಗಿ ಗೂಟ ಕಿತ್ತುಬರುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಹುಳ ಹುಪ್ಪಟೆ ಸೇರುತ್ತವೆ. ಬೀದರಿನ ಕೆಂಪು ಮುರಕಲ್ಲಿನ ಮೇಲೆ ಗೂಟ ಇಳಿಯುವುದೇ ಇಲ್ಲ. ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಬೇಕು. ಯಾದಗಿರಿ, ಶಹಾಪುರದ ಬಂಡೆಗಳು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿ ಹೊತ್ತೂ ಬೆಚ್ಚಗಿರುತ್ತವೆ. ಚಳಿಗೆ ಹಿತ ಅನ್ನಿಸುತ್ತದೆ. ಆದರೆ ಕಲ್ಲಿನ ಸಂದಿ ಚೇಳಿನ ಮನೆ.

ಎರಡನೆಯ ಟೆಂಟ್ ರಾತ್ರಿ ಚಿಂಚೋಳಿ ಕಾಡಿನಲ್ಲಿ. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದ, ಸುಮಾರು 135 ಚದರ ಕಿಲೋಮೀಟರಿನ ಕಾಡು. ಬಯಲುಸೀಮೆಯ ನಮಗೆ ಅದೇ ಮಲೆನಾಡು. ಚಂದ್ರಂಪಳ್ಳಿ ಜಲಾಶಯದ ಹತ್ತಿರ ಅರಣ್ಯ ಇಲಾಖೆಯವರ ಟೆಂಟ್ ವಸತಿ ಇದೆ. ಮುಂಚೆಯೇ ವಿಚಾರಿಸಿ, ಬುಕ್ ಮಾಡಿಕೊಂಡೇ ಹೋಗಿ. ಹತ್ತಿರದಲ್ಲಿ ಸಿಬ್ಬಂದಿ ಇರುತ್ತಾರೆ, ಊಟ ಸಿಗುತ್ತದೆ. ಕಾಯಿಲೆಯಿಂದ ಎದ್ದವರಿಗೆ ಇದು ಮೋಸ ಮಾಡಿದಂತಲ್ಲ. ಅಡುಗೆಯ ಕಷ್ಟ ಉಳಿದರೆ ಆ ಶಕ್ತಿಯಲ್ಲಿ ಬೆಳಿಗ್ಗೆ ನೀರಿನ ದಂಡೆಗೆ ನಡೆಯಬಹುದು.

ನೆಲದ ಮೇಲೆ ಮಲಗಿದರೆ ಮೈ ನೋವು ಬರುವುದಿಲ್ಲವಾ?

ಬರುತ್ತದೆ, ಹಾಸಿಗೆ ತೆಳ್ಳಗಿದ್ದರೆ. ಎಲ್ಲರೂ ಹೊದೆಯುವುದರ ಮೇಲೆ ದುಡ್ಡು ಹಾಕುತ್ತಾರೆ. ಚಳಿ ಹತ್ತುವುದು ಕೆಳಗಿನಿಂದ. ನಾನು ಫೋಮ್ ಚಾಪೆಯ ಮೇಲೆ ಅವ್ವ ಹೊಲಿದ ಕೌದಿ ಹಾಸುತ್ತೇನೆ. ಬೆನ್ನಿನ ಆಪರೇಷನ್ ಆದವರಿಗೆ ನೆಲದಿಂದ ಏಳುವುದೇ ಕಷ್ಟ. ಅಂಥವರು ಟೆಂಟಿನ ಆಸೆಗೆ ಬೀಳದೆ ಮಂಚ ಇರುವ ಕಡೆ ಮಲಗಿ, ಹಗಲೆಲ್ಲ ಹೊರಗಿರಿ. ಬೀದರಿನ ಹೊನ್ನಿಕೇರಿ ಕಾಡಿನ ಕಡೆ ಜಂಗಲ್ ಲಾಡ್ಜಸ್‌ನವರ ರೆಸಾರ್ಟ್ ಇದೆ. ದುಬಾರಿ, ಆದರೆ ಬಾಗಿಲು ತೆಗೆದರೆ ಬಯಲು, ಅದೃಷ್ಟ ಇದ್ದರೆ ಕೃಷ್ಣಮೃಗ.

ಚೀಲ ಎಷ್ಟು ತೂಕ ಇರಬೇಕು?

ನನ್ನದು 6 ಕಿಲೋ, ನೀರು ಸೇರಿ. ಮೊದಲು 12 ಹೊರುತ್ತಿದ್ದೆ. ಅದನ್ನು ನೆನೆದು ನೊಂದುಕೊಳ್ಳುವುದನ್ನು ಬಿಟ್ಟಿದ್ದೇನೆ.

ಊಟಕ್ಕೆ ಏನು ಒಯ್ಯಬೇಕು?

ನಮ್ಮ ಮನೆಯಲ್ಲಿರುವುದೇ ಸಾಕು. ಖಡಕ್ ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ, ಹೊರಲು ಹಗುರ. ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಹುರಿದ ಕಡಲೆ, ಎರಡು ಬಾಳೆಹಣ್ಣು. ಟಿಬಿಯಿಂದ ಎದ್ದವರಿಗೆ ಪ್ರೋಟೀನ್ ಬೇಕು, ಶೇಂಗಾ ಮತ್ತು ಬೇಯಿಸಿದ ಮೊಟ್ಟೆ ಅದಕ್ಕೆ ಒಳ್ಳೆಯದು. ಮೊಟ್ಟೆಯನ್ನು ಮೊದಲ ದಿನವೇ ತಿಂದು ಮುಗಿಸಿ.

ನೀರು ದಿನಕ್ಕೆ 3 ಲೀಟರಾದರೂ ಕುಡಿಯಬೇಕು. ನೀರು ಮಿತಿಯಲ್ಲಿ ಕುಡಿಯಿರಿ ಅಂತ ಡಾಕ್ಟರು ಹೇಳಿದವರು, ಅಂದರೆ ಹೃದಯದ, ಕಿಡ್ನಿಯ ತೊಂದರೆ ಇರುವವರು, ಈ ಲೆಕ್ಕ ಬಿಟ್ಟು ಡಾಕ್ಟರ ಮಾತು ಹಿಡಿಯಿರಿ. ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು.

ನನಗೆ ಇನ್ಸುಲಿನ್ ಇದೆ. ಫ್ರಿಜ್ ಇಲ್ಲದ ಕಡೆ ಹೇಗೆ?

ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಫ್ರಿಜ್ ಇಲ್ಲದೆ ಇರುತ್ತದೆ, 30 ಡಿಗ್ರಿ ದಾಟದಿದ್ದರೆ. ನಿಮ್ಮ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ನೋಡಿಕೊಳ್ಳಿ. ಬಿಸಿಲಲ್ಲಿ ನಿಂತ ಬಸ್ಸಿನ ಕಿಟಕಿ ಪಕ್ಕ ಅದು ಹಾಳಾಗುತ್ತದೆ. ಒಣ ಡಬ್ಬಿಯಲ್ಲಿ ಹಾಕಿ, ಸುತ್ತ ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡುವ ನೆರಳಿನಲ್ಲಿಡಿ. ನಮ್ಮ ಹವೆ ಒಣ ಹವೆ, ನೀರು ಬೇಗ ಆರುತ್ತದೆ, ಆರುವಾಗ ತಂಪಾಗುತ್ತದೆ. ಮಡಕೆ ನೀರು ತಣ್ಣಗಾಗುವುದೂ ಇದರಿಂದಲೇ ಅಲ್ವಾ? ಬರ್ಫಿನ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲ. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಗ್ಲೂಕೋಸ್ ಪುಡಿ ಚೀಲದಲ್ಲಿ ಬೇಡ, ಜೇಬಿನಲ್ಲಿ ಇರಲಿ.

ಹಾವು, ಚೇಳು?

ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಲಿ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನೋವು, ಬಾವು ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ರೆಪ್ಪೆ ಭಾರ ಅನ್ನಿಸಿದರೆ ಆಸ್ಪತ್ರೆಗೆ ಓಡಬೇಕು, 108ಕ್ಕೆ ಫೋನ್ ಮಾಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಬೂಟನ್ನು ಟೆಂಟಿನೊಳಗೆ ಇಡಿ, ಹಾಕುವ ಮುಂಚೆ ಕೊಡವಿ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಹೆಜ್ಜೆ ಇಡಬೇಡಿ.

ಒಬ್ಬಳೇ ಹೆಣ್ಣುಮಗಳು ಅಂತ ತೊಂದರೆ ಆಗಿದೆಯಾ?

ಒಂದು ಊರಿನಲ್ಲಿ, ಹೆಸರು ಬೇಡ, ಒಬ್ಬರೇ ಇದ್ದರೆ ರೂಮ್ ಕೊಡುವುದಿಲ್ಲ ಅಂದರು. ಸಂಜೆ ಆರೂವರೆ ಆಗಿತ್ತು. ಮೈಯಲ್ಲಿ ಶಕ್ತಿ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಕೂತು ಅತ್ತೆ, ಆಮೇಲೆ ಕೊನೆಯ ಬಸ್ಸಿಗೆ ಮನೆಗೆ ಬಂದೆ. ಆ ದಿನದಿಂದ ಹೊರಡುವ ಮುಂಚೆಯೇ ಫೋನ್ ಮಾಡಿ "ನಾನು ಒಬ್ಬಳೇ ಬರುತ್ತೇನೆ, ರೂಮ್ ಕೊಡುತ್ತೀರಾ?" ಅಂತ ಕೇಳುತ್ತೇನೆ.

ಉಳಿದಂತೆ ಜನ ಒಳ್ಳೆಯವರು. ಎಲ್ಲಿ ಹೋದರೂ ಮೊದಲು ಹೆಣ್ಣುಮಕ್ಕಳ ಜೊತೆ ಮಾತಿಗೆ ಕೂರುತ್ತೇನೆ. ಚಿಂಚೋಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಂಡಾದ ಅಕ್ಕ "ಒಬ್ಬಾಕಿನೇ ಬಂದೀಯೇನವ್ವ? ಮನಿಯಾಗ ಜಗಳಾಡಿ ಬಂದಿಲ್ಲಲ?" ಅಂತ ಕೇಳಿದರು. ಇಲ್ಲಕ್ಕ, ಜಡ್ಡಿನಿಂದ ಎದ್ದೀನಿ, ಸ್ವಲ್ಪ ಗಾಳಿ ಬೇಕಾಗಿತ್ತು ಅಂದೆ. ಮುಂದೆ ಏನೂ ಕೇಳಲಿಲ್ಲ. ಬಿಸಿ ರೊಟ್ಟಿ ಮೇಲೆ ಒಂದು ಹಿಡಿ ಹಿಂಡಿ ಜಾಸ್ತಿ ಹಾಕಿದರು.

ಬೆಂಕಿ ಹಾಕಿಕೊಂಡು ಕೂರಬಹುದಾ?

ಶ್ವಾಸಕೋಶದ ತೊಂದರೆ ಇದ್ದವರು ದೂರ ಕೂರಬೇಕು. ಚಿಂಚೋಳಿಯಲ್ಲಿ ಎಲ್ಲರ ಜೊತೆ ಬೆಂಕಿ ಮುಂದೆ ಅರ್ಧ ತಾಸು ಕೂತೆ. ರಾತ್ರಿ ಒಂದೂವರೆಗೆ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಬಂತು, ಮತ್ತೆ ಬಂತು ಅಂತ ಕೈಕಾಲು ತಣ್ಣಗಾದವು. ಬ್ಯಾಟರಿ ಹಚ್ಚಿ ಕರವಸ್ತ್ರ ನೋಡಿದೆ, ರಕ್ತ ಇರಲಿಲ್ಲ. ಎದ್ದು ಕೂತು ಬಿಸಿ ನೀರು ಗುಟುಕು ಗುಟುಕಾಗಿ ಕುಡಿದೆ. ಡಾಕ್ಟರ ಚೀಟಿ ತೆಗೆದು ಓದಿದೆ: ರಕ್ತ, ಜ್ವರ, ಎದೆ ನೋವು, ಕೂತಲ್ಲೇ ಏದುಸಿರು. ಒಂದೂ ಇರಲಿಲ್ಲ. ಹೊರಗೆ ಗುಮ್ಮ ಕೂಗುತ್ತಿತ್ತು. ಮೂರು ಗಂಟೆಗೆ ನಿದ್ದೆ ಹತ್ತಿತು.

ಹೊಗೆಯ ಕೆಮ್ಮು ಅದು, ಎರಡು ದಿನಕ್ಕೆ ಹೋಯಿತು. ಆದರೂ ಸೋಮವಾರ ಹೋಗಿ ತೋರಿಸಿದೆ. ಕೆಮ್ಮು ಎರಡು ವಾರ ದಾಟಿದರೆ ಯಾರೇ ಆಗಲಿ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ರೋಗ ಒಮ್ಮೆ ಬಂದವರು ಅಷ್ಟೂ ಕಾಯುವುದು ಬೇಡ.

ಬೀದರಿನ ಝರಣಿ ನರಸಿಂಹನ ಗುಹೆಗೆ ಹೋಗಬಹುದಾ?

ಎದೆಮಟ್ಟದ ನೀರಿನಲ್ಲಿ, ಕತ್ತಲ ಸುರಂಗದಲ್ಲಿ, ಜನರ ನಡುವೆ ಸುಮಾರು 300 ಮೀಟರ್ ನಡೆಯಬೇಕು. ಮೇಲೆ ಬಾವಲಿಗಳು. ಉಸಿರಾಟದ, ಹೃದಯದ ತೊಂದರೆಯಿಂದ ಎದ್ದವರಿಗೆ ನಾನು ಬೇಡ ಅನ್ನುತ್ತೇನೆ. ಹೊರಗಿನಿಂದಲೇ ಕೈ ಮುಗಿದು ಬಂದೆ.

ಮನಸ್ಸು ಕುಗ್ಗಿದವರು ಒಬ್ಬರೇ ಹೋಗುವುದು ಸರಿಯಾ?

ಕಾಯಿಲೆ ದೇಹದ್ದೇ ಆದರೂ ಮನಸ್ಸು ಅದರ ಜೊತೆ ಇಳಿದಿರುತ್ತದೆ. ನನಗೂ ಹಾಗೇ ಆಗಿತ್ತು. ಆದರೆ ಬದುಕೇ ಬೇಡ ಅನ್ನಿಸುತ್ತಿದ್ದರೆ ಒಬ್ಬರೇ ಹೊರಡಬೇಡಿ. ಹತ್ತಿರದವರಿಗೆ ಹೇಳಿ, ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ದಿನಗಳು ಕಳೆಯಲಿ. ಕೋಟೆ ಎಲ್ಲಿಗೂ ಹೋಗುವುದಿಲ್ಲ.

ಅರ್ಧಕ್ಕೇ ವಾಪಸ್ ಬಂದರೆ ಜನ ಏನಂತಾರೆ?

ಅರ್ಧ ಶಕ್ತಿ ಉಳಿದಿರುವಾಗಲೇ ತಿರುಗಬೇಕು. ಪೂರ್ತಿ ಮುಗಿದ ಮೇಲೆ ತಿರುಗಿದರೆ ವಾಪಸ್ ದಾರಿಗೆ ಏನೂ ಇರುವುದಿಲ್ಲ. ಒಬ್ಬರೇ ಇರುವಾಗ ಹೆಗಲು ಕೊಡುವವರೂ ಇರುವುದಿಲ್ಲ. ಹೊರಡುವ ಮೊದಲೇ ತಿರುಗುವ ಹೊತ್ತನ್ನು ಬರೆದಿಡಿ. ನಾನು ಬೆಳಿಗ್ಗೆ 11 ಅಂತ ಬರೆದರೆ, ಗುಡಿ ಹತ್ತು ಹೆಜ್ಜೆ ದೂರ ಇದ್ದರೂ 11ಕ್ಕೆ ತಿರುಗುತ್ತೇನೆ. ಸೋಮವಾರ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗುವ ಹಾಗಿದ್ದರೆ ಆ ಪ್ರವಾಸ ಚೆನ್ನಾಗಿ ಆಯಿತು ಅಂತ ಲೆಕ್ಕ.

ಯಾದಗಿರಿ ಕೋಟೆ ಹತ್ತಿದಿರಾ?

ಇದನ್ನು ಆಫೀಸಿನಲ್ಲಿ ಪ್ರತಿ ಸೋಮವಾರ ಕೇಳುತ್ತಾರೆ. ಕಾಯಿಲೆಗೆ ಮುಂಚೆ ನಾಲ್ಕು ಸಲ ಹತ್ತಿದ್ದೆ, ಅದು ನನ್ನ ಮೆಚ್ಚಿನ ಜಾಗ. ಊರಿನ ನೆತ್ತಿಯ ಮೇಲೆ ಬಂಡೆ, ಬಂಡೆಯ ನಡುವೆ ಮೆಟ್ಟಿಲು, ಮೆಟ್ಟಿಲಿನ ಮೇಲೆ ಬಾಗಿಲುಗಳು. ಕಾಯಿಲೆಯ ನಂತರ ಮೊದಲ ಸಲ ಹೋದಾಗ ಮೊದಲ ಬಾಗಿಲಲ್ಲೇ ಕೂತು ಇಳಿದೆ. ಈ ಜನವರಿಯಲ್ಲಿ ಮತ್ತೆ ಹೋದೆ, ಮುಂದಿನ ಬಾಗಿಲು ದಾಟಿದೆ. ಗೋಡೆಯ ನೆರಳಿನಲ್ಲಿ ಕೂತು ಖಡಕ್ ರೊಟ್ಟಿ ಮುರಿದು ತಿಂದೆ. ಕೆಳಗೆ ರೈಲು ಹೋಗುತ್ತಿತ್ತು. ಮೇಲಿನ ಗೋಡೆ ಚೆನ್ನಾಗಿ ಕಾಣುತ್ತಿತ್ತು, ಬಹಳ ದೂರವೇನೂ ಇರಲಿಲ್ಲ. ಗಡಿಯಾರ ನೋಡಿದೆ. 11 ಆಗಿತ್ತು. ಇಳಿದು ಬಂದೆ.